ಎಕ್ಕದ ಕಡ್ಡಿ ಕಿತ್ತ ನರಿ

ಒಂದು ಒಗಟು, ಬಿಡಿಸಿ ನೋಡೋಣ. ಮಣ್ಣೊಳಗೆ ಮಲಗಿರುತ್ತೆ. ಸುಮ್ಮನೆ ಬಿಟ್ಟರೆ ಕಾಡನ್ನೇ ಸಾಕುತ್ತೆ. ಕೆಣಕಿದರೆ ಹೆಂಡತಿಯನ್ನು ತವರಿಗೆ ಕಳಿಸುತ್ತೆ. ಏನದು? ತಲೆ ಕೆರ್ಕೋಬೇಡಿ, ಗೊತ್ತಾಗಲ್ಲ. ನರಿ ಚೆಂಗಪ್ಪನಿಗೂ ಗೊತ್ತಾಗಲಿಲ್ಲ.

ಒಂದು ಕಾಡಿನಲ್ಲಿ ಈ ಚೆಂಗಪ್ಪ ಹೊಸ ಬಿಲ ತೋಡಲು ಹೊರಟಿದ್ದ. ಹೆಂಡತಿ ಸಿಂಗಾರಿ ಗಡುವು ಕೊಟ್ಟಿದ್ದಳು. "ಹುಣ್ಣಿಮೆಯೊಳಗೆ ಬಿಲ ಆಗದಿದ್ರೆ ಮೂರು ಮರಿಗಳನ್ನೂ ಕರ್ಕೊಂಡು ತವರಿಗೆ ಹೋಗ್ತೀನಿ. ಆಮೇಲೆ ನೀನು ಊಳಿಟ್ಟರೂ ಬರಲ್ಲ."

ಆ ಕಾಡಿನಲ್ಲಿ ಒಂದು ಕಟ್ಟಳೆಯಿತ್ತು. ಯಾರೇ ನೆಲ ಅಗೆಯಲಿ, ಮೊದಲು ಮುದಿ ಹೆಗ್ಗಣ ದುಗ್ಗಜ್ಜನನ್ನು ಕರೆಸಬೇಕು. ಬೆಟ್ಟದ ಒರತೆಯಿಂದ, ಇಡೀ ಕಾಡೇ ನೀರು ಕುಡಿಯುವ ಆನೆಗಳ ಹೊಂಡಕ್ಕೆ ಬಿದಿರಿನ ಕೊಳವೆ ನೆಲದಡಿಯಲ್ಲಿ ಹೋಗಿತ್ತು. ಮೇಲಿಟ್ಟರೆ ಕೋತಿಗಳು ಬಿಡಬೇಕಲ್ಲ. ದುಗ್ಗಜ್ಜ ಮೂಸಿ ಮೂಸಿ ನಡೆದು, ಕೊಳವೆ ಇದ್ದಲ್ಲೆಲ್ಲ ಸಾಲಾಗಿ ಎಕ್ಕದ ಕಡ್ಡಿ ನೆಡುತ್ತಿದ್ದ.

ಚೆಂಗಪ್ಪನ ಅಂಗಳದಲ್ಲೂ ನೆಟ್ಟ. "ಕಡ್ಡಿಯಿಂದ ಎರಡು ಬಾಲ ದೂರ ಅಗಿ ಮಗಾ."

"ನಿನ್ನ ಬಾಲವೋ, ನನ್ನ ಬಾಲವೋ ಅಜ್ಜ?"

"ಯಾವುದು ಉದ್ದವೋ ಅದು," ಎಂದು ದುಗ್ಗಜ್ಜ ಹೊರಟುಹೋದ.

ಚೆಂಗಪ್ಪ ದೂರದಲ್ಲಿ ಕೆದರಿದ. ಬರೀ ಕಲ್ಲು. ಕಡ್ಡಿಯ ಬುಡದಲ್ಲಿ ಕೆದರಿದ. ಮಣ್ಣು ರವೆಯಂತೆ ಸಡಿಲ. 'ಓಹೋ, ಮೆತ್ತನೆ ಜಾಗ ಮುದುಕ ತನ್ನ ಮೊಮ್ಮಕ್ಕಳಿಗೆ ಹಿಡಿದಿಟ್ಟಿದಾನೆ' ಅಂದುಕೊಂಡ. ಒಮ್ಮೆ ಅಗೆದು ಮುಚ್ಚಿದ್ದಕ್ಕೇ ಆ ಮಣ್ಣು ಸಡಿಲ ಅನ್ನೋದು ಅವನಿಗೆ ಹೊಳೆಯಲಿಲ್ಲ. ಕಡ್ಡಿಗಳನ್ನು ಬಾಯಲ್ಲಿ ಕಿತ್ತು ಕಲ್ಲುನೆಲದ ಕಡೆ ಚುಚ್ಚಿದ. ಮಧ್ಯಾಹ್ನದೊಳಗೆ ಬಿಲ ಸಿದ್ಧವಾಯಿತು.

ಸಿಂಗಾರಿ ಮರಿಗಳ ಜೊತೆ ಒಳಹೊಕ್ಕು ನೋಡಿದಳು. "ಇನ್ನೊಂಚೂರು ಆಳ ಬೇಕಿತ್ತು."

ಚೆಂಗಪ್ಪ ಇನ್ನೊಂಚೂರು ಅಗೆದ. ಏನೋ ಗಟ್ಟಿ ತಗುಲಿತು. ಬೇರಿರಬೇಕು ಎಂದು ಕಚ್ಚಿದ.

ನೀರು ಇಡೀ ಸಂಸಾರವನ್ನು ಬಿಲದಿಂದ ಆಚೆಗೆ ಉಗುಳಿತು. ಅತ್ತ ಹೊಂಡಕ್ಕೆ ನೀರು ಬರೋದು ನಿಂತಿತು. ಹಿರಿಯ ಆನೆ ಗಜ್ಜಕ್ಕ ಒಣ ಸೊಂಡಿಲು ಬೀಸುತ್ತ ಬಂದಳು. ಹಿಂದೆಯೇ ದುಗ್ಗಜ್ಜ.

"ಯಾರೋ ಅಗೆದಿದ್ದು?" ಅಂದಳು ಗಜ್ಜಕ್ಕ.

"ನನ್ನದೇನೂ ತಪ್ಪಿಲ್ಲ ಅಕ್ಕಾ. ಅಜ್ಜನಿಗೆ ವಯಸ್ಸಾಯ್ತು, ಕಡ್ಡಿ ಎಲ್ಲಿ ನೆಟ್ಟಿದಾನೆ ನೋಡಿ."

"ಅದಿರಲಿ, ನಿನ್ನ ತುಟಿಗೇನಾಯ್ತು?" ಅಂದ ದುಗ್ಗಜ್ಜ.

ಚೆಂಗಪ್ಪ ತುಟಿ ಮುಟ್ಟಿಕೊಂಡ. ಹಲಸಿನ ತೊಳೆಯಷ್ಟು ಊದಿತ್ತು.

"ಎಕ್ಕದ ಹಾಲು ಮಗಾ. ಬಾಯಲ್ಲಿ ಕಿತ್ತವರಿಗೆ ಹಾಗೇ ಆಗೋದು. ಬೇರೆ ಗಿಡ ಬಿಟ್ಟು ಇದನ್ನೇ ಯಾಕೆ ನೆಡ್ತೀನಿ ಅಂದ್ಕೊಂಡೆ?"

ಸಿಂಗಾರಿ ಒದ್ದೆ ಮರಿಗಳನ್ನು ಸಾಲು ಮಾಡಿ ತವರಿನ ದಾರಿ ಹಿಡಿದಳು. ಚೆಂಗಪ್ಪ ಊಳಿಡಲು ನೋಡಿದ. ಊದಿದ ತುಟಿಯಿಂದ 'ಪುಸ್' ಅಂದಿತು, ಅಷ್ಟೇ.

ಆಮೇಲೆ ಅವನು ಕೊಳವೆ ಸರಿಮಾಡಿದ, ಕಲ್ಲುನೆಲದಲ್ಲಿ ಹೊಸ ಬಿಲ ತೋಡಿದ, ದುಗ್ಗಜ್ಜನ ಕಾಲಿಗೆ ಬಿದ್ದು ತಪ್ಪಾಯ್ತು ಅಂದ, ಸಿಂಗಾರಿ ನಗುತ್ತ ಹಿಂದಿರುಗಿದಳು. ಈ ಕೊನೆ ಮಾತ್ರ ನಾನು ಕಟ್ಟಿದ್ದು. ತಪ್ಪಾಯ್ತು ಅನ್ನೋ ನರಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ನೀತಿ: ನಿನ್ನ ಅಂಗಳವೇ ಆದರೂ, ಅಡಿಯಲ್ಲಿ ಏನು ಹೋಗಿದೆ ಎಂದು ಬಲ್ಲವರನ್ನು ಕೇಳದೆ ಅಗೆಯಬೇಡ, ಅವರು ಇಟ್ಟ ಗುರುತು ಕೀಳಬೇಡ.