ಹಿಂದ ಬರಾವನ ಕಟಗಿ

"ಅಜ್ಜಾರ, ಮಠದಾಗ ಇಷ್ಟು ಮಂದಿ ಇದ್ರೂ ನಾ ಒಬ್ಬಾವನ ಅನಸ್ತೈತಿ. ಜೊತಿ ಅನ್ನೂದು ಎಲ್ಲಿ ಸಿಗ್ತೈತ್ರಿ?" ಅಂತ ಶಿವಪುತ್ರ ಕೇಳಿದ.

"ಕುಂದ್ರು," ಅಂದ ಅಜ್ಜ. "ಇದು ಖರೇನ ನಡದದ್ದು. ಸುಳ್ಳಾದ್ರ ನನ್ನ ನಾಲಿಗಿಗೆ ಹುಳ ಬೀಳಲಿ. ಹಿಮಾಲಯದ ಗುಡಿ ದಾರಿ ನನ್ನಂಗ ತುಳದಾವ ಈ ಸೀಮ್ಯಾಗ ಇನ್ನೊಬ್ಬಿಲ್ಲ. ಸಾಲಿ ಕಲತಾವರು ನಕ್ಷೆ ಹಿಡಕೊಂಡು ಹೋಗಿ ಕಮರಿಗೆ ಬೀಳತಾರ. ನಾ ಮೂಗು ತಿರುಗಿದ ಕಡೆ ನಡದ್ರ ಗುಡಿ ಸಿಗತಿತ್ತು. ಕೇಳು."

ಒಬ್ಬ ವ್ಯಾಪಾರಿ ಇದ್ದ. ಎತ್ತರದ ಗುಡಿ ಮುಂದ ಮಾರಾಕಂತ, ಇದ್ದ ರೊಕ್ಕ ಎಲ್ಲಾ ಸುರದು ಗಂಧದ ಕೊರಡು ಕೊಂಡು, ಬೆನ್ನಿಗೆ ಕಟಗೊಂಡು ಹೊಂಟ. ದಾರಿ ಉದ್ದಕ್ಕ ಅಲ್ಲೊಂದು ಇಲ್ಲೊಂದು ಕಲ್ಲಿನ ಗುಡಸಲ. ಅಷ್ಟು ಮ್ಯಾಲ ಗಿಡ ಬೆಳ್ಯಾಂಗಿಲ್ಲ. ಅದಕ್ಕ ಅಲ್ಲೊಂದು ರೂಢಿ: ಕೆಳಗಿನ ಅಡಿವ್ಯಾಗಿಂದ ಎಲ್ಲಾರೂ ಕಟಗಿ ಹೊತ್ತು ತರಬೇಕು. ಗುಡಸಲದಾಗ ಮುಂದ ಹೋದಾವ ಇಟ್ಟದ್ದನ್ನ ಸುಡಬೇಕು, ತಾ ತಂದದ್ದರಾಗ ಅಷ್ಟು ಹಿಂದ ಬರಾವಗ ಇಡಬೇಕು.

ವ್ಯಾಪಾರಿ ಬೆನ್ನಿಗೆ ಗಂಧದ ಹೊರಿನ ಸಾಕಾಗಿತ್ತು. ಕಟಗಿ ತರಲಿಲ್ಲ. ಮಂದಿ ಇಟ್ಟದ್ದು ಸುಟ್ಟ, ತಾ ಏನೂ ಇಡಲಿಲ್ಲ.

ದಾರ್ಯಾಗ ಒಂದು ನರಪಿಳ್ಳಿ ಇಲ್ಲ. ತನ್ನ ಉಸಿರು ತನಗ ಕೇಳಿ ಕೇಳಿ ಹುಚ್ಚು ಹಿಡ್ಯಾಂಗಾತು. ಆದ್ರ ಹೋದ ಹೋದ ಗುಡಸಲದಾಗ ಬೂದಿ ಬೆಚ್ಚಗಿರ್ತಿತ್ತು. ಮುಂದ ಯಾರೋ ಅದಾರ! ಅವರನ್ನ ಹಿಡೀಬೇಕಂತ ಓಡಿದ. ಕಡೀ ಗುಡಸಲದಾಗ ಸಿಕ್ಕಳು ಒಬ್ಬಾಕಿ ಮುದುಕಿ. ಕಾಲು ಉಳುಕಿ ಅಲ್ಲೇ ಉಳದಿದ್ಲು, ಕಟಗಿ ತೀರಾಕ ಬಂದಿತ್ತು.

"ಬಾರಪಾ ಕುದುರಿ! ಹಂಗ್ಯಾಕ ಓಡಿ ಬಂದಿ, ಹೆಂಡತಿ ಬೆನ್ನ ಹತ್ಯಾಳನ?"

"ನಿನ್ನ ಹಿಡ್ಯಾಕ, ಯವ್ವಾ. ಮನಶ್ಯಾರ ದನಿ ಕೇಳಿ ಭಾಳ ದಿನಾತು. ನಿನಗ ಒಬ್ಬಾಕಿ ಅನಸಲಿಲ್ಲನ?"

"ಯಾಕ ಅನಸ್ತೈತಿ? ದಿನಾ ಸಂಜಿಕೆ ಕೆಳಗ ನಿಮ್ಮ ಎರಡು ಹೊಗಿ ನೋಡತಿದ್ದೆ. ಬದುಕ್ಯಾರ ಅಂತ ಮಲಗತಿದ್ದೆ."

"ಎರಡು?"

"ನಿಂದೊಂದು, ನಿನ್ನ ಹಿಂದ ಬರಾವಂದೊಂದು. ಪಾಪ, ಕುಂಟಾವ. ಆಗಳೇ ಆ ಕೆಳಗಿನ ಗುಡಸಲ ಹೊಕ್ಕ. ಹೊಗಿ ಏಳವಲ್ದು. ಒಲ್ಯಾಗ ಏನ ಇಟ್ಟು ಬಂದಿ?"

ವ್ಯಾಪಾರಿ ಅವತ್ತ ಮೊದಲನೇ ಸಲ ಹಿಂದ ತಿರುಗಿ ನೋಡಿದ. ಕೆಳಗ ಗುಡಸಲ, ಅದರ ಮ್ಯಾಲ ಬರೇ ಬಿಳಿ ಮುಗಲು. ಮ್ಯಾಲ ಗುಡಿ ಕಾಣತಿತ್ತು, ಎದುರಿಗೆ ಮಾತಾಡೋ ಮನಶಾ ಸಿಕ್ಕಿತ್ತು. ಹೊರಿ ಎತ್ತಿಕೊಂಡು ಅವ ಒಬ್ಬನ ಕೆಳಗ ಇಳದ.

ಕುಂಟ ಗೋಡಿಗೆ ಮುದುಡಿ ಕುಂತಿದ್ದ, ತುಟಿ ನೀಲಿಗಟ್ಟಿತ್ತು. ಎಲ್ಲಾ ಗುಡಸಲದಾಗೂ ಒಲಿ ಖಾಲಿ ಸಿಕ್ಕಿತ್ತು ಅವಂಗ. ತನ್ನ ಕಟಗಿ ತಾನ ಸುಟ್ಟು, ರೂಢಿ ಬಿಡಬಾರದಂತ ಹಿಂದಿನಾವಗೂ ಇಟ್ಟು, ಬರಿಗೈ ಆಗಿದ್ದ. ವ್ಯಾಪಾರಿ ಗಂಧದ ಕೊರಡು ಒಲಿಗೆ ಇಟ್ಟ. ಒಂದಾದ ಮ್ಯಾಲೊಂದು. ಇವನ ಮಾತು ಅವಂಗ ತಿಳೀದು, ಅವನ ಮಾತು ಇವಂಗ ತಿಳೀದು. ಇಬ್ಬರೂ ಬೆಂಕಿಗೆ ಕೈ ಹಿಡದು ಕುಂತರು. ಉಳದ ನಾಕು ಕೊರಡು ಅಲ್ಲೇ ಇಟ್ಟು, ಮುಂಜಾನೆ ಜೋಡಿ ಮುದುಕಿ ಕಡೆ ಮ್ಯಾಲ ಹತ್ತಿದ್ರು.

"ಹಂಗಾರ ಅವನ ಗಂಟೆಲ್ಲಾ ಹೋತಲ್ರೀ ಅಜ್ಜಾರ?" ಅಂದ ಶಿವಪುತ್ರ.

"ಹೋತು. ಒಬ್ಬಾವನ ಇದ್ದಾಗ ನನ್ನ... ಅವನ ಕಡೆ ಇದ್ದದ್ದು ಅಷ್ಟ: ಮುನ್ನೂರ ಹನ್ನೆರಡು ರೂಪಾಯಿ ಎಂಟಾಣೆ."