ರಾಯರ ಹನ್ನೊಂದು ಗ್ರಾಂ ಉಪ್ಪು

ಉಂಡವರನ್ನೂ ಬಡಿಸಿದವರನ್ನೂ ಒಂದೇ ಸಮ ಕಾಯುವ ತಾಯಿ ಅನ್ನಪೂರ್ಣೆಗೆ ನಮಸ್ಕಾರ.

ಪ್ರಾಣೇಶರಾಯರಿಗೆ ಬಿ.ಪಿ. ಏರಿತು. "ಎಲ್ಲ ನಮ್ಮ ಅಡುಗೆಯವನ ಕೈವಾಡ. ಉಪ್ಪು ಸುರಿಯುತ್ತಾನೆ," ಎಂದು ಡಾಕ್ಟರ ಮುಂದೆ ಗುಡುಗಿದರು. ಡಾಕ್ಟರು ಒಂದು ಕ್ಯಾನು ಕೊಟ್ಟರು. "ಐದನೆಯ ದಿನ, ಇಡೀ ದಿನದ ಮೂತ್ರ ಇದರಲ್ಲಿ ಹಿಡಿದು ತನ್ನಿ. ದಿನಕ್ಕೆಷ್ಟು ಉಪ್ಪು ತಿನ್ನುತ್ತೀರೆಂದು ಅದೇ ಹೇಳುತ್ತದೆ. ಐದು ಗ್ರಾಂ ದಾಟಬಾರದು."

ರಾಯರು ಮನೆಗೆ ಬಂದವರೇ ಅಡುಗೆಯವನಿಗೆ ಹೇಳಿದರು: "ಐದು ಗ್ರಾಂ ದಾಟಿತೋ, ಗಂಟುಮೂಟೆ ಕಟ್ಟು."

ಇಪ್ಪತ್ತು ವರ್ಷ ಆ ಒಲೆಯನ್ನೇ ನಂಬಿದ್ದವನು ದೇವರ ಮುಂದೆ ಸ್ವಲ್ಪ ಹೊತ್ತು ಕೂತು ಎದ್ದ. ಉಪ್ಪಿನ ಭರಣಿಯನ್ನು ತಂದು ರಾಯರ ಹೆಂಡತಿ ಅಮ್ಮನವರ ಮುಂದೆ ನೆಲದ ಮೇಲಿಟ್ಟ. ಉಪ್ಪು ಕೈಗೆ ಕೊಟ್ಟರೆ ಜಗಳವಲ್ಲವೇ!

"ಅಮ್ಮಾ, ಪರೀಕ್ಷೆ ಮುಗಿಯುವ ತನಕ ಇದು ನಿಮ್ಮ ಬೀರುವಿನಲ್ಲಿರಲಿ. ರಾಯರಿಗೆ ಮಾತ್ರ ಹೇಳಬೇಡಿ."

ದಿನವೂ ರಾಯರು ಮಹಡಿಯಿಂದ ಬಾಯಿ ಒರೆಸಿಕೊಳ್ಳುತ್ತ ಇಳಿದು ಬಂದು, ಸಾರನ್ನದ ಮೊದಲ ತುತ್ತಿಗೇ ಕೂಗುತ್ತಿದ್ದರು: "ಅಯ್ಯೋ, ಸಮುದ್ರ ಕಣೋ ಇದು! ಇಷ್ಟೊಂದು ಉಪ್ಪೇ?" ಅಮ್ಮ ತಲೆ ತಗ್ಗಿಸಿ ಮಜ್ಜಿಗೆ ಬಡಿಸುತ್ತಿದ್ದರು.

ಫಲಿತಾಂಶ ಬಂತು. ಹನ್ನೊಂದು ಗ್ರಾಂ.

"ಕೇಳಿದೆಯೇನೋ?" ರಾಯರು ಹಿಗ್ಗಿದರು.

"ಕೇಳಿದೆ ರಾಯರೇ. ತಾವು ಕ್ಯಾನು ತಂದ ದಿನದಿಂದ ಉಪ್ಪಿನ ಭರಣಿ ಅಮ್ಮನವರ ಬೀರುವಿನಲ್ಲಿದೆ. ಅಡುಗೆಗೆ ಒಂದು ಹರಳೂ ಬಿದ್ದಿಲ್ಲ. ಹನ್ನೊಂದೂ ತಮ್ಮ ಸ್ವಂತ ಸಂಪಾದನೆ."

ರಾಯರು ಹೆಂಡತಿಯತ್ತ ನೋಡಿದರು. ಆಕೆ ಹೌದೆಂದು ತಲೆಯಾಡಿಸಿದರು.

"ಮತ್ತೆ ನನಗೇಕೆ ಸಪ್ಪೆ ಅನ್ನಿಸಲಿಲ್ಲ?"

"ಮಹಡಿಯಲ್ಲಿ ಕದ್ದು ಉಪ್ಪಿನಕಾಯಿ, ಬಾಳಕದ ಮೆಣಸಿನಕಾಯಿ ತಿಂದು ಇಳಿದು ಬಂದ, ಉಪ್ಪು ಮೆತ್ತಿದ ನಾಲಗೆಗೆ ಸಪ್ಪೆ ಹೇಗೆ ಗೊತ್ತಾಗಬೇಕು?" ಎಂದ ಅಡುಗೆಯವನು.

ರಾಯರು ಮೆಲ್ಲನೆ, "ನೀನು ಇಲ್ಲೇ ಇರಪ್ಪಾ," ಎಂದರು. "ಆದರೆ ನಾಳೆ ಸಾರಿಗೆ ಒಂದು ಚಿಟಿಕೆಯಾದರೂ ಹಾಕು."

ಕೇಳಿದ ನಿಮ್ಮೆಲ್ಲರ ಊಟ ಮೈಗೆ ಹಿತವಾಗಲಿ, ನಿಮಗೆ ಬಡಿಸುವ ಕೈ ತಣ್ಣಗಿರಲಿ.