ಸುಕ್ಕು ಬಿಡಿಸಿದ ಮರಿಸಿದ್ದ

ಕೂತ್ಕೊಳ್ಳಿ. ಅವಸರ ಇದ್ದೋರು ಈಗಲೇ ಎದ್ದು ಹೋಗಿ. ಅರ್ಧ ಕೇಳಿಕೊಂಡು ಹೋಗಿ ಊರಲ್ಲಿ ತಪ್ಪುತಪ್ಪು ಹೇಳಬೇಡಿ. ಹೇಳೋದಿದ್ರೆ ಪೂರ್ತಿ ಹೇಳಿ!

ಒಬ್ಬಳು ಅವ್ವ, ಅವಳಿಗೊಬ್ಬ ಮಗ. ಅವ್ವ ಚೆನ್ನಾಜಮ್ಮ, ಮಗ ಮರಿಸಿದ್ದ. ಮಗನಿಗೆ ವಯಸ್ಸು ಮೂವತ್ತು ದಾಟಿತ್ತು, ಬುದ್ಧಿ ಹೊಸಿಲು ದಾಟಿರಲಿಲ್ಲ. ಕೂರು ಅಂದರೆ ಕೂರುವನು, ಏಳು ಅನ್ನುವ ತನಕ ಏಳನು. ಗಂಡ ತೀರಿಕೊಂಡ ಮೇಲೆ ಮನೇಲಿ ಇಬ್ಬರೇ. ಅವನು ಹೇಳಿದ್ದು ಮಾಡುವವನೇ ಹೊರತು ಮಾತಾಡುವವನಲ್ಲ. ಚೆನ್ನಾಜಮ್ಮ ಒಲೆ ಜೊತೆ ಮಾತಾಡೋಳು, ಕೋಳಿ ಜೊತೆ ಮಾತಾಡೋಳು, ಯಾರೂ ಸಿಗದಿದ್ದರೆ ಸಾಸಿವೆ ಡಬ್ಬಿ ಜೊತೆ ಜಗಳಕ್ಕೆ ನಿಲ್ಲೋಳು.

ಚೆನ್ನಾಜಮ್ಮನಿಗೆ ತಂಗಿ ಒಬ್ಬಳಿದ್ದಳು ಕಡೂರಲ್ಲಿ, ದೇವೀರಮ್ಮ ಅಂತ. ಇಬ್ಬರಿಗೂ ಮೂವತ್ತೈದು ವರ್ಷದಿಂದ ಮಾತಿಲ್ಲ. ಯಾಕೆ ಅಂತ ನನ್ನ ಬಾಯಲ್ಲಿ ಹೇಳಿಸಬೇಡಿ. ಸರಿ, ಇಷ್ಟು ಕೇಳ್ತೀರಿ, ಹೇಳ್ತೀನಿ. ಗಂಡು ನೋಡೋಕೆ ಬಂದಿದ್ದು ಅಕ್ಕನನ್ನ. ಉಪ್ಪಿಟ್ಟಿನ ತಟ್ಟೆ ಹಿಡಿದು ಮುಂದೆ ಬಂದದ್ದು ತಂಗಿ. ತಿಂದು ಕೈ ತೊಳೆಯೋದರೊಳಗೆ ಗಂಡಿನ ಮನಸ್ಸು ತಂಗಿ ಕಡೆ! ತಾಳಿ ಬಿದ್ದದ್ದೂ ತಂಗಿ ಕೊರಳಿಗೇ!

ಈಗ ಆ ಮಹಾರಾಯನೂ ಹೋದ. ಆ ತಂಗಿ ಅಲ್ಲಿ ಒಂಟಿ, ಈ ಅಕ್ಕ ಇಲ್ಲಿ ಒಂಟಿ. ತಂಗಿ ಹೇಳಿಕಳಿಸಿದಳು: "ಅಕ್ಕ ಬಾ ಅಂದರೆ ಬಂದುಬಿಡ್ತೀನಿ. ಇರೋವಷ್ಟು ದಿನ ಒಂದೇ ಒಲೆ ಹಚ್ಚೋಣ." ಚೆನ್ನಾಜಮ್ಮ ಮೂರು ದಿನ ಬಿಗಿದುಕೊಂಡಿದ್ದಳು. ನಾಲ್ಕನೇ ದಿನ "ಬರೋ ಸೋಮವಾರ ಬರಲಿ" ಅಂದಳು. ಅಂದವಳೇ ಗೋಡೆಗೆ ಸುಣ್ಣ ಬಳಿದಳು!

ತಂಗಿ ಕಣ್ಣಿಗೆ ಮಗ ಸುಮ್ಮನೆ ಕೂತಿರೋದು ಬೀಳಬಾರದಲ್ಲ? ಬೈಪಾಸ್ ರಸ್ತೆಯ ದಸ್ತಗೀರ್ ಸಾಬರ ಅಂಗಡಿಗೆ ಸೇರಿಸಿದಳು. ಕಾರಿನ ಗಾಜಿಗೆ ಕಪ್ಪು ಹಾಳೆ ಅಂಟಿಸೋ ಅಂಗಡಿ. ಅಂಟಿಸಿದರೆ ಒಳಗಿರೋರು ಹೊರಗೆ ಕಾಣರು. ಯಾರ ಕಾರಲ್ಲಿ ಯಾರು ಹೋದರು ಅಂತ ನಮ್ಮಂಥೋರಿಗೆ ತಿಳಿಯೋದು ಬೇಡವೇ? ಹಾಳಾದ ಹಾಳೆ!

ಸಾಬರು ಹೇಳಿದರು: "ನೋಡಪ್ಪ, ಈ ಕೆಲಸಕ್ಕೆ ಶತ್ರು ಅಂದರೆ ಧೂಳು. ಒಂದು ಕಣ ಸಿಕ್ಕಿಕೊಂಡರೂ ಗುಳ್ಳೆ. ಹಾಳೆ ಬಿಚ್ಚಿದ ಮೇಲೆ ಶಟರ್ ಎಳಿ. ಯಾರು ಬಂದರೂ ತೆಗೀಬೇಡ!"

"ಹೂಂ ಸಾಬ್ರೇ, ಹಾಗೇ ಮಾಡ್ತೀನಿ!"

ಹಾಳೆ ಬಿಚ್ಚಿದ, ಶಟರ್ ಎಳೆದ. ನಮಾಜಿಗೆ ಹೋಗಿದ್ದ ಸಾಬರು ಬಂದು ತಟ್ಟಿದರು.

"ತೆಗಿಯೋ!"

"ಯಾರು?"

"ನಾನು ಕಣೋ, ದಸ್ತಗೀರ್!"

"ಆಗಲ್ಲ! ಯಾರು ಬಂದರೂ ತೆಗೀಬೇಡ ಅಂತ ದಸ್ತಗೀರ್ ಸಾಬರೇ ಹೇಳವ್ರೆ!"

ನಡು ಮಧ್ಯಾಹ್ನದ ಬಿಸಿಲು. ಒಂದು ಗಂಟೆ ನಿಂತರು ಸಾಬರು, ತಮ್ಮ ಅಂಗಡಿ ಮುಂದೆ ತಾವೇ!

ಚೆನ್ನಾಜಮ್ಮ ಹಣೆ ಹಣೆ ಚಚ್ಚಿಕೊಂಡಳು. "ಅಯ್ಯೋ ಪೆದ್ದೇ! ಗುರುತಿನೋರು ಬಂದರೆ ಬಾಗಿಲು ಹಾರು ಹೊಡೆದು 'ಬನ್ನಿ' ಅನ್ನಬೇಕು. ಬಿಸಿಲಿಂದ ಬಂದೋರಿಗೆ ಫ್ಯಾನು ಹಾಕಬೇಕು."

"ಹೂಂ ಅವ್ವ, ಹಾಗೇ ಮಾಡ್ತೀನಿ!"

ಮಾರನೇ ದಿನ ಹಾಳೆ ಅರ್ಧ ಅಂಟಿತ್ತು, ಅರ್ಧ ಅಂಟು ಬಿಟ್ಟುಕೊಂಡು ನೇತಾಡುತ್ತಿತ್ತು. ಕಾರಿನ ಯಜಮಾನ ಬಂದ. ಗುರುತಿನವನೇ. ಮರಿಸಿದ್ದ ಶಟರ್ ಘರ್ರನೆ ಎತ್ತಿದ. "ಬನ್ನಿ ಬನ್ನಿ!" ಫ್ಯಾನು ಪೂರ್ತಿ ತಿರುಗಿಸಿದ. ಅದೇ ಹೊತ್ತಿಗೆ ರಸ್ತೇಲಿ ಒಂದು ಜಲ್ಲಿ ಲಾರಿ! ಧೂಳು ಎದ್ದಿತು, ಒಳಗೆ ಬಂತು, ಹಾಳೆಗೆ ಹತ್ತಿತು. ರವೆಯಲ್ಲಿ ಹೊರಳಿಸಿದ ಹಪ್ಪಳ ಆಯಿತು ಗಾಜು.

ಸಾಬರು ಕಿರುಚಿದರು: "ಯಾ ಅಲ್ಲಾ! ಲೋ, ಧೂಳು ಕಂಡರೆ ಮೊದಲು ಸೋಪಿನ ನೀರು ಚಿಮುಕಿಸಬೇಕು! ಆಮೇಲೆ ಸುಕ್ಕು ಎಲ್ಲಿ ಕಂಡರೂ ಬಿಡಬೇಡ. ರಬ್ಬರ್ ಪಟ್ಟಿ ತಗೋ, ನಡುವಿಂದ ಅಂಚಿಗೆ ಎಳಿ!"

"ಹೂಂ ಸಾಬ್ರೇ, ಹಾಗೇ ಮಾಡ್ತೀನಿ!"

ಮಾರನೇ ದಿನ ಯಾರು ಬಂದರು ಅಂತೀರಿ? ರಿಟೈರ್ಡ್ ಮೇಷ್ಟ್ರು ರುದ್ರಾಚಾರ್ರು. ಎಂಬತ್ತು ವರ್ಷ. ಸ್ಕೂಟರಿನ ಹಿಂದೆ ಕೂತು ಬಂದಿದ್ದಕ್ಕೆ ಮುಖದ ತುಂಬ ಧೂಳು. ಧೂಳಿನ ಕೆಳಗೆ ಸುಕ್ಕೋ ಸುಕ್ಕು! "ನನ್ನ ಮಗನ ಕಾರು ಆಯ್ತೇನಪ್ಪ?" ಅಂತ ಸ್ಟೂಲಿನ ಮೇಲೆ ಕೂತರು.

ಚಿಮುಕಿಸಿಯೇಬಿಟ್ಟ! ಮೂಗಿನ ಮೇಲೆ ಪಟ್ಟಿ ಇಟ್ಟು ಕಿವಿವರೆಗೂ ಎಳೆದ!

"ಅಯ್ಯಯ್ಯೋ, ಕಣ್ಣು! ಬಿಡೋ!"

"ಅಲುಗಾಡಬೇಡಿ ಮೇಷ್ಟ್ರೇ, ಕಿವಿ ಹತ್ತಿರ ಇನ್ನೂ ಒಂದಿದೆ!"

ಸಾಬರು ಓಡಿಬಂದು ಪಟ್ಟಿ ಕಿತ್ತುಕೊಂಡರು. "ಮೈಗೆ ಕೂತ ಸುಕ್ಕನ್ನ ಯಾರಾದರೂ ಉಜ್ಜುತ್ತಾರೇನೋ? ಹಾಳೇಲೂ ಅಷ್ಟೇ. ಗಟ್ಟಿಯಾಗಿ ಕೂತರೆ ಉಜ್ಜಬಾರದು. ಪೂರ್ತಿ ಕಿತ್ತು ಮೊದಲಿಂದ ಶುರು ಮಾಡಬೇಕು! ಅಂಟಿಸಿದ ಮೇಲೆ ಮೂರು ದಿನ ಗಾಜು ಇಳಿಸಬಾರದು. ತಿಳೀತಾ?"

"ಹೂಂ ಸಾಬ್ರೇ!"

ಚೆನ್ನಾಜಮ್ಮ ಮಗನ ಗಲ್ಲ ಹಿಡಿದು ಬೇಡಿಕೊಂಡಳು. "ಸೋಮವಾರ ಚಿಕ್ಕವ್ವ ಬರ್ತಾಳೆ ಮಗಾ. ಅಲ್ಲೀವರೆಗೆ ಸಾಬರು ಹೇಳಿದ್ದರಲ್ಲಿ ಒಂದಕ್ಷರ ಮೀರಬೇಡ."

ಮೀರಲಿಲ್ಲ ಪುಣ್ಯಾತ್ಮ! ಭಾನುವಾರ ಸಾಬರ ಸ್ವಂತ ಕಾರಿಗೆ ತಾನೊಬ್ಬನೇ ಹಾಳೆ ಅಂಟಿಸಿದ. ಧೂಳಿಲ್ಲ, ಸುಕ್ಕಿಲ್ಲ. ಸಾಬರ ಕಣ್ಣಲ್ಲಿ ನೀರು. "ಶಹಬ್ಬಾಸ್! ನಾಳೆ ನಿಮ್ಮ ಚಿಕ್ಕವ್ವನ್ನ ಇದರಲ್ಲೇ ಕರ್ಕೊಂಡು ಬಾ." ಅವನಿಗೆ ಕಾರು ಓಡಿಸೋಕೆ ಬರುತ್ತಿತ್ತು. ಅದಕ್ಕೆ ಬುದ್ಧಿ ಬೇಕು ಅನ್ನೋರು ಒಂದು ಸಲ ನಮ್ಮ ರಸ್ತೆ ನೋಡಿ!

ಸೋಮವಾರ. ರೈಲ್ವೆ ಸ್ಟೇಷನ್ನಿನ ಕಲ್ಲು ಬೆಂಚಿನ ಮೇಲೆ ದೇವೀರಮ್ಮ ಕೂತಿದ್ದಳು. ಹಿಂದಿನ ಸೀಟಿಗೆ ಹತ್ತಿಸಿಕೊಂಡ. ದಾರಿ ಉದ್ದಕ್ಕೂ ಅವಳದು ಒಂದೇ ಮಾತು: "ಅಕ್ಕ ನಿಜವಾಗಿ ಬಾ ಅಂದಳೇನೋ?"

ಮನೆ ಮುಂದೆ ಕಾರು ನಿಂತಿತು. ಚೆನ್ನಾಜಮ್ಮ ಕಾಲಿಗೆ ನೀರು ಕೊಡೋಕೆ ಚೊಂಬು ಹಿಡಿದು ಬಂದಳು. ಬಗ್ಗಿ ನೋಡಿದಳು. ಮೂವತ್ತೈದು ವರ್ಷದಿಂದ ನೋಡದ ಮುಖ ಹುಡುಕಿದರೆ ಆ ಕಪ್ಪು ಗಾಜಲ್ಲಿ ಕಂಡದ್ದು ತನ್ನದೇ ನರೆತ ತಲೆ. "ಅವಳೇ ಇಳಿಯಲಿ" ಅಂತ ನೆಟ್ಟಗೆ ನಿಂತಳು.

ಒಳಗೆ ದೇವೀರಮ್ಮನಿಗೆ ಅಕ್ಕ ನಿಚ್ಚಳವಾಗಿ ಕಾಣುತ್ತಿದ್ದಳು. ನೋಡ್ತಾಳೆ, ನಗೋದಿಲ್ಲ. ನಿಂತಿದಾಳೆ, ಬಾ ಅನ್ನೋದಿಲ್ಲ!

"ಗಾಜು ಇಳಿಸೋ!"

"ಮೂರು ದಿನ ಇಳಿಸಬಾರದು ಚಿಕ್ಕವ್ವ!"

"ಬಾಗಿಲಾದರೂ ತೆಗಿ!" ಹಿಂದಿನ ಬಾಗಿಲು ಒಳಗಿಂದ ತೆಗೆಯೋಕೆ ಬಾರದು. ಮೊಮ್ಮಕ್ಕಳು ಬೀಳದಿರಲಿ ಅಂತ ಸಾಬರು ಹಾಗೆ ಲಾಕು ಮಾಡಿಸಿದ್ದರು. ದೇವೀರಮ್ಮ ಅಂಗೈ ಇಟ್ಟು ಗಾಜು ತಟ್ಟಿದಳು. "ಅಕ್ಕಾ! ಅಕ್ಕಾ!" ರಸ್ತೆ ಸದ್ದಿನಲ್ಲಿ ಹೊರಗೆ ಯಾರಿಗೆ ಕೇಳಬೇಕು?

ಬಾಗಿಲು ತೆಗೆಯೋಕೆ ಇಳಿದ ಮರಿಸಿದ್ದ ಗಾಜು ನೋಡಿ ಬೆಚ್ಚಿಬಿದ್ದ. ಹಸಿ ಹಾಳೆ, ಅಂಗೈ ಒತ್ತಿದ ಕಡೆ ಮುದುರಿಕೊಂಡಿತ್ತು.

"ಅಯ್ಯೋ, ಸುಕ್ಕು! ಗಟ್ಟಿ ಸುಕ್ಕು! ಮೊದಲಿಂದ ಶುರು ಮಾಡಬೇಕು!"

ಹತ್ತಿದ, ತಿರುಗಿಸಿದ, ಹೊರಟೇಬಿಟ್ಟ! ಸೀದಾ ಸ್ಟೇಷನ್ನಿಗೆ! ಚಿಕ್ಕವ್ವನನ್ನ ಅದೇ ಕಲ್ಲು ಬೆಂಚಿನ ಮೇಲೆ ಕೂರಿಸಿದ. "ಇಲ್ಲೇ ಇರಿ ಚಿಕ್ಕವ್ವ, ಮೊದಲು ಹಾಳೆ ಕಿತ್ತು ಬರ್ತೀನಿ, ಆಮೇಲೆ ಮೊದಲಿಂದ ಬರೋಣ."

ಅವನು ಕಿತ್ತು ಬರೋದರೊಳಗೆ ಕಡೂರಿನ ರೈಲು ಬಂದು ನಿಂತಿತ್ತು. ದೇವೀರಮ್ಮ ಮೆಟ್ಟಿಲ ಮೇಲೆ ಕಾಲಿಟ್ಟು ಹೇಳಿದಳು: "ಕರೆಸಿಕೊಂಡು, ಎದುರಿಗೆ ನಿಂತು, ಒಂದು ಬಾಗಿಲು ತೆಗೀಲಿಲ್ಲವಲ್ಲೋ ನಿಮ್ಮವ್ವ. ನಾನು ಸತ್ತರೂ ಬರಬೇಡ ಅನ್ನು."

"ಹೂಂ ಚಿಕ್ಕವ್ವ, ಹಾಗೇ ಹೇಳ್ತೀನಿ!"

ಮನೆ ಮುಂದೆ ಚೆನ್ನಾಜಮ್ಮ ಇನ್ನೂ ಚೊಂಬು ಹಿಡಿದೇ ನಿಂತಿದ್ದಳು.

"ಚಿಕ್ಕವ್ವ ಎಲ್ಲೋ?"

"ಮೊದಲು ಇಲ್ಲಿ ನೋಡವ್ವ! ಪೂರ್ತಿ ಕಿತ್ತುಬಿಟ್ಟೆ. ಒಂದು ಕಣ ಧೂಳಿಲ್ಲ, ಒಂದು ಸುಕ್ಕಿಲ್ಲ. ಈಗ ಒಳಗಿರೋದೆಲ್ಲ ಕಾಣುತ್ತೆ!"

ಕಾಣುತ್ತಿತ್ತು. ಖಾಲಿ ಸೀಟು. ಸೀಟಿನ ಮೇಲೆ, ತಂಗಿ ಅಕ್ಕನಿಗೆ ಅಂತ ತಂದು ಮರೆತ ಒಂದು ಕಟ್ಟು ವೀಳ್ಯದೆಲೆ.

ಚೆನ್ನಾಜಮ್ಮ ಚೊಂಬು ಕೆಳಗಿಟ್ಟಳು. ಆ ಗಾಜಿನ ಮೇಲೆ ಮೆಲ್ಲಗೆ ಅಂಗೈ ಇಟ್ಟಳು.

"ಮುಟ್ಟಬೇಡವ್ವಾ!" ಮರಿಸಿದ್ದ ಕೂಗಿದ. "ಸುಕ್ಕಾಗುತ್ತೆ!"